ಹಕ್ಕಿ ಲೆಕ್ಕ

ತ್ಬಿಲಿಸಿಯ ನಕ್ಷೆಯಲ್ಲಿ ಗೆರೆ ನೇರ.
ಹೋಟೆಲಿನಿಂದ ಗಿರಾಕಿಯ ಬಾಗಿಲಿಗೆ ಒಂದೂಕಾಲು ಕಿಲೋಮೀಟರು,
ಕೂಲಿ ಅಷ್ಟಕ್ಕೇ.
ನಡುವೆ ಗುಡ್ಡ, ಗುಡ್ಡಕ್ಕೆ ಸುತ್ತಿಕೊಂಡ ಏಳು ತಿರುವು,
ಹಿಮ ಹೆಪ್ಪುಗಟ್ಟಿದ ಕಲ್ಲುಹಾಸು.
ಆ್ಯಪ್ ಹಕ್ಕಿಗೆ ಕೊಡುವ ಕೂಲಿಯನ್ನು
ನಮಗೆ ಕೊಡುತ್ತದೆ.

ನೋದಾರ್ ಹಿಂದೆ ಭೂಮಾಪಕನಾಗಿದ್ದವನು.
ಮಗಳ ಹಳೇ ಗಣಿತದ ಪುಸ್ತಕದಲ್ಲಿ ಉಳಿದ ಹಾಳೆಗೆ
ಎರಡು ಕಲಂ ಎಳೆದ: ಕೊಟ್ಟದ್ದು, ಓಡಿಸಿದ್ದು.
ಎತೇರಿಯ ಬೇಕರಿ ಹಿಂದೆ, ಒಲೆಯ ಬೆಚ್ಚನೆ ಗೋಡೆಗೆ ಬೆನ್ನು ಕೊಟ್ಟು
ರಾತ್ರಿ ಹನ್ನೊಂದರ ಮೇಲೆ ಬಂದವರು ಬಂದಂತೆ ಬರೆದರು.
ಇಲ್ಲಿನ ಅಕ್ಷರ ಬಾರದ ಇಫೆಯಾನಿ
ಬರೀ ಅಂಕಿ ಬರೆದ. ಅಂಕಿ ಸಾಕಿತ್ತು.
ಮೂರು ವಾರದ ವ್ಯತ್ಯಾಸ ಕೂಡಿದರೆ
ಕಪ್ಪು ಸಮುದ್ರಕ್ಕೆ ಹದಿಮೂರು ಸಲ
ಹೋಗಿ ಬರುವಷ್ಟು ಪುಕ್ಕಟೆ ದಾರಿ.

ಶನಿವಾರ ಸಂಜೆ ಏಳಕ್ಕೆ ಫೋನು ಆರಿಸಿದೆವು.
ಹೋಟೆಲುಗಳ ಕೌಂಟರಿನ ಮೇಲೆ ಖಾಚಾಪುರಿ ತಣಿಯಿತು,
ಚೀಸು ಬಿಗಿದುಕೊಂಡಿತು.
ಅಷ್ಟರಲ್ಲಿ ಒಂದು ಜೇಬು ಟಿಣ್ಣೆಂದಿತು.
ಗೆಲಾ. ಹತ್ತೊಂಬತ್ತರ ಹುಡುಗ, ನಾಡಿದ್ದು ಬಾಡಿಗೆ.
ಯಾರೂ ಮುಖ ನೋಡಲಿಲ್ಲ.
ಹೋದ.
ಖತೂನಾ ಹಿಮದ ಮೇಲೆ ಉಗಿದಳು.

ಒಂಬತ್ತಕ್ಕೆ ಸ್ಕೂಟರು ತಳ್ಳಿಕೊಂಡು ಬಂದ,
ಮೊಣಕೈ ತರಚಿತ್ತು, ಖಾಲಿ ಚೀಲ ಒಂದು ಕಡೆ ವಾಲಿತ್ತು.
"ಕೊಟ್ಟದ್ದು ಒಂದೂವರೆ," ಅಂದ,
"ಓಡಿಸಿದ್ದು ಮೂರೂಮುಕ್ಕಾಲು.
ಬಿದ್ದ ಮೇಲೆ ತಳ್ಳಿದ್ದು ಬೇರೆ.
ಅದನ್ನ ಯಾವ ಕಲಂಗೆ ಬರೀಲಿ?"

ನೋದಾರ್ ಕನ್ನಡಕ ಒರೆಸಿಕೊಂಡು
ಮೂರನೇ ಗೆರೆ ಎಳೆಯಹೋದ.
ಪೆನ್ಸಿಲ್ ಮೊನೆ ಮುರಿಯಿತು.
ಎತೇರಿ ಒಳಗಿನಿಂದ ಚಾಕು ತಂದಳು,
ಹಿಟ್ಟು ಮೆತ್ತಿದ್ದು.