ನಾಲ್ಕು ತಾಸು

ಆರು ವರ್ಷಾತು, ನರಕ ಚತುರ್ದಶಿ ಎಣ್ಣಿ
ನನ್ನ ಅಂಗೈಯಿಂದ ಅತ್ತಿ ನೆತ್ತಿಗಷ್ಟ ಇಳೀತದ.
ನಸುಕಿನ ನಾಲ್ಕಕ್ಕ ಹಂಡೆದ ನೀರು ಕಾಸಿ
ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೂಡಿಸಿ, ಬೆನ್ನು ತಿಕ್ಕಿ,
ಬೆರಳ ಸಂದಿ ತೊಳದು, ಒರಸಿ, ಪೌಡರ್ ಹಚ್ಚಿ,
ಮೆತ್ತಗಿನ ನೈಟಿ ತೊಡಸೂದ್ರಾಗ
ಓಣ್ಯಾಗಿನ ಪಟಾಕಿ ಮುಗದಿರ್ತಾವ.
ನನ್ನ ಪಾಲಿನ ನೀರು ಆರಿರ್ತದ.
ಎರಡು ತಂಬಿಗಿ ಸುರಕೊಂಡು ಅಡಗಿ ಮನಿಗೆ ಓಡೂದು,
ಅದಾ ನನ್ನ ಅಭ್ಯಂಗ.

ಈ ಸಲ ಪುಣೆದಿಂದ ನಾದಿನಿ ಬಂದ್ಲು, ಜಗದೇವಿ.
ಎರಡು ಡಬ್ಬಿ ಚಕ್ಕಲಿ, ಮೂರು ದಿನದ ರಜಾ.
ಚಪ್ಪಲಿ ಬಿಡೂಕಿಂತ ಮೊದಲ
"ಅವ್ವ ಎಷ್ಟು ಸೊರಗ್ಯಾಳ, ವೈನಿ" ಅಂದ್ಲು.
ಅನ್ನದಾಗಿನ ಹರಳಿನಂಗ ಮಾತು ಹಲ್ಲಿಗೆ ಸಿಕ್ತು.
ಉಗುಳಲಿಲ್ಲ.
ಫ್ರಿಜ್ಜಿಗೆ ಅಂಟಿಸಿದ ಹಾಳಿ ಕಿತ್ತು ಕೈಯಾಗ ಇಟ್ಟೆ:

ಎರಡಕ್ಕ ಬಿಳಿ ಗುಳಿಗಿ, ಅರ್ಧ.
ಗಂಜಿ ತೆಳ್ಳಗ. ಮಲಗಿಸಿ ಕುಡಿಸಬ್ಯಾಡ, ನೆತ್ತಿಗೇರ್ತದ.
ಎರಡು ತಾಸಿಗೊಮ್ಮೆ ಮಗ್ಗಲ ಬದಲಿಸು.
"ಮಗ್ಗದ ಸದ್ದು ನಿಂತದ, ನೋಡ್ರಿ" ಅಂದ್ರ
"ನೋಡಿ ಬಂದೆ, ನೂಲು ಹರದಿತ್ತು, ಗಂಟು ಹಾಕಿದೆ" ಅನ್ನು.
ಮಗ್ಗ ಮಾರಿ ಹದಿನೆಂಟು ವರ್ಷಾತು ಅಂತ
ತಪ್ಪಿ ಕೂಡ ಅನಬ್ಯಾಡ.

"ನಾಲ್ಕು ತಾಸು. ಒಂದಕ್ಕ ಹೋಗಿ ಐದಕ್ಕ ಬರ್ತೀನಿ."
"ಹಬ್ಬದ ದಿನ ಎಲ್ಲಿಗಿ?"
"ಎಲ್ಲಿಗೂ ಇಲ್ಲ."

ಸಿಟಿ ಬಸ್ಸಿನ್ಯಾಗ ಕಂಡಕ್ಟರ್ ಮರಾಠಿಯೊಳಗ ಕೇಳಿದ, ಎಲ್ಲಿಗಿ ಅಂತ.
ಒಂದು ಗಳಿಗಿ ಯಾವ ಭಾಷಾದಾಗೂ ಉತ್ತರ ಸಿಗಲಿಲ್ಲ.
ಆಮ್ಯಾಲೆ ಬಾಯಿಗೆ ಬಂದದ್ದು: ಕಂಬರ ತಲಾವ.

ನೀರಿನ ದಂಡಿಗೆ, ಬೇವಿನ ನೆರಳಾಗ, ಕಲ್ಲಿನ ಕಟ್ಟಿ.
ಹತ್ತು ನಿಮಿಷದಾಗ ಆರು ಸಲ ಫೋನ್ ನೋಡಿದೆ.
ಬಾಜೂಕ ಯಾರೋ ಮುದುಕ ಕೆಮ್ಮಿದ್ರ
ನನ್ನ ಕೈ ತಾನ ಎದ್ದು ಅವನ ಬೆನ್ನಿನ ತನಕ ಹೋಗಿ
ನಾಚಿ ತಿರುಗಿ ಬಂತು.
ಬಿಸಿ ಭಜಿ ತಗೊಂಡೆ. ಊದಿ, ಆರಿಸಿ,
ಚಿವುಟಿ ಚಿವುಟಿ ಸಣ್ಣ ಮಾಡಿ ಇಟ್ಟ ಮ್ಯಾಲೆ ನೆಪ್ಪಾತು,
ಇದು ನನ್ನ ಬಾಯಿಗೆ,
ನನಗ ಹಲ್ಲದಾವ.

ಯಾವಾಗ ನಿದ್ದಿ ಹತ್ತಿತೋ.
ಚೀಲ ಮಡಿಲಾಗ, ಬಾಯಿ ತೆರದು, ಹಾಡಹಗಲ, ಊರ ಮುಂದ.
ಎಚ್ಚರಾದಾಗ ಬೇವಿನ ನೆರಳು ನನ್ನ ಬಿಟ್ಟು ಮುಂದ ಹೋಗಿತ್ತು.
ಫೋನ್ ಸುಮ್ಮನಿತ್ತು. ಯಾರೂ ಸತ್ತಿರಲಿಲ್ಲ.
ಕೆಸರಾಗ ಕೊಕ್ಕರಿ ಒಂದ ಕಾಲ ಮ್ಯಾಲೆ ನಿಂತಿತ್ತು,
ಇನ್ನೊಂದಕ್ಕ ರಜಾ ಕೊಟ್ಟು.

ಮನಿ ಮುಟ್ಟೂದ್ರಾಗ ಐದೂ ಕಾಲು.
ಜಗದೇವಿ ಹೊಸ್ತಿಲ ಮ್ಯಾಲೆ ಕುಂತಿದ್ಲು,
ರೇಶ್ಮಿ ಸೆರಗಿಗೆ ಗಂಜಿ, ಕೂದಲಿಗೆ ಗಂಜಿ.
"ನಾ ಆಕಿ ಹೊಟ್ಯಾಗ ಹುಟ್ಟಿದಾಕಿ, ವೈನಿ.
ಮಧ್ಯಾಹ್ನ ಪೂರಾ ನನ್ನ ನಿನ್ನ ಹೆಸರಿಲೇ ಕರದ್ಲು,
ನೀಲವ್ವ, ನೀಲವ್ವ ಅಂತ.
ನಾ ಓ ಅಂದೆ."

ಸೊರಗಿದ ಮಾತು ಮತ್ತ ಬರಲಿಲ್ಲ.
ನನ್ನ ಮಾರಿ ನೋಡಿ "ನೀನೂ..." ಅಂದು
ಅಲ್ಲಿಗೇ ನಿಲ್ಲಿಸಿದ್ಲು.

ಪಾಡ್ಯ ಮುಗದ ಮರುದಿನ ಆಕಿ ಹೊಂಟ್ಲು.
ಆಮ್ಯಾಲೆ ಹೆಂಗ? ಗೊತ್ತಿಲ್ಲ.
ತಿಂಗಳಿಗೊಮ್ಮೆ ಬರ್ತೀನಿ ಅಂದಾಳ.
ಹಬ್ಬದಾಗ ಮಂದಿ ಏನೇನೋ ಅಂತಾರ.

ಆದ್ರ ಹಂಡೆದ ನೀರು ಕಾದಿತ್ತು.
ಶಾಸ್ತ್ರದ ಹೊತ್ತು ದಾಟಿ ಹನ್ನೆರಡು ತಾಸಾಗಿತ್ತು,
ಬಾಗಲಾ ಹಾಕ್ಕೊಂಡು, ಚಿಲಕ ಸೈತ ಹಾಕಿ,
ಬಟ್ಟಲದ ತಳದಾಗ ಉಳದ ಎಣ್ಣಿ
ನನ್ನ ನೆತ್ತಿಗೆ ಬಳಕೊಂಡೆ. ಎಷ್ಟು ಒಣಗಿತ್ತು ನೆತ್ತಿ, ಯವ್ವಾ.

ಒಳಗಿಂದ ಅತ್ತಿ ದನಿ: "ಮಗ್ಗದ ಸದ್ದು ನಿಂತದ."
ಎದ್ದೇ ಬಿಟ್ಟಿದ್ದೆ, ಒಂದು ಕೈ ಚಿಲಕಕ್ಕ.

"ನೋಡಿ ಬಂದೆ, ಅವ್ವಾ. ಗಂಟು ಹಾಕಿದೆ."
ಅದು ಜಗದೇವಿ.

ಕುಂತೆ.
ಇನ್ನೊಂದು ತಂಬಿಗಿ ತುಂಬಿದೆ.