ತೋಕ್ ಪೂ

ಗೋಣಿಕೊಪ್ಪಕ್ಕೆ ಮೈಸೂರಿನ ಮೊದಲ ಬಸ್ಸು.
ಟಾಪಿನಿಂದ ಸೇವಂತಿಗೆ ಬುಟ್ಟಿ ಇಳಿಯಿತು, ಒದ್ದೆ ಗೋಣಿ ಹೊದ್ದು.
ಆಂಥೂರಿಯಂ ಮಾತ್ರ ನಮ್ಮದೇ, ಹಿತ್ತಲ ನೆರಳುಬಲೆಯದು.
ಅತ್ತೆ ಬಾಳೆನಾರು ಹಲ್ಲಲ್ಲಿ ಸೀಳುತ್ತ
ಯಾರದೋ ಮದುವೆಯನ್ನು ಮೊಳದಲ್ಲಿ ಅಳೆಯುತ್ತಿದ್ದರು.

ಕೈಲ್ ಪೊಳ್ದ್ ದಿನ. ಚೀಯಣ್ಣಜ್ಜ ಬಂದರು:
"ಕೋವಿಗೆ ಒಂದು ತೋಕ್ ಪೂ ಇದೆಯೇನಮ್ಮ?"
ಬೇಲಿಯ ಹೂವದು, ಅಂಗಡಿಯಲ್ಲಿ ಯಾರಿಡುತ್ತಾರೆ?
ಅವರ ಬೇಲಿಯೋ, ಈಗ ಹೋಂಸ್ಟೇ ಕಾಂಪೌಂಡು.

ಪೆಟ್ರೋಲ್ ಬಂಕಿನ ಹಿಂದೆ ಲಂಟಾನದಲ್ಲಿ ತಡಕಾಡಿದೆ.
ಸಿಕ್ಕಿತು ಒಂದೇ ಒಂದು,
ಎಸಳೆಲ್ಲ ಮೇಲಕ್ಕೆ ತಿರುವಿದ ಕೆಂಪು, ಬುಡದಲ್ಲಿ ಹಳದಿ.
ಮೊಣಕೈ ತುಂಬ ಗೀರು.

"ಎಷ್ಟಾಯ್ತು?"
ಅತ್ತೆ ಬಾಯಲ್ಲಿ ನಾರಿಟ್ಟುಕೊಂಡೇ
ಬೇಡವೆಂದು ತಲೆಯಾಡಿಸಿದರು.

ಅಜ್ಜ ಒಂದು ಮೊಳ ಮಲ್ಲಿಗೆ ಕೊಂಡರು,
ದುಡ್ಡು ಎಣಿಸಿಕೊಟ್ಟು
ಮಲ್ಲಿಗೆಯನ್ನು ಗಲ್ಲಾಪೆಟ್ಟಿಗೆಯ ಮೇಲೇ
ಮರೆತು ಹೋದರು.