ನಮ್ಮನೆಯಲ್ಲಿ ಎಲ್ಲರಿಗೂ ಹೀಗೇ

ಇಲಿಜಾದಿಂದ ಬಾಶ್‌ಚಾರ್ಶಿಯಾಗೆ ನಲವತ್ತು ನಿಮಿಷ.
ಟ್ರಾಮ್ ಓಡಿಸುವವಳು ನಡುವೆ ಏಳುವಂತಿಲ್ಲ.
ಮೊದಲೆರಡು ದಿನ ನಾನು ಎಣಿಸುವುದು
ನಿಲ್ದಾಣಗಳನ್ನಲ್ಲ.
ಒಂದರ ಮೇಲೊಂದು ಎರಡು ಪ್ಯಾಡು,
ಸೀಟಿನ ಮೇಲೆ ಮಡಿಚಿದ ಟವೆಲ್ಲು, ಕಪ್ಪು,
ಚೀಲದಲ್ಲಿ ಇನ್ನೊಂದು ಪ್ಯಾಂಟು, ಅದೂ ಕಪ್ಪೇ.
ಅಂಚೆ ಕಚೇರಿಯ ಹತ್ತಿರ ಬ್ರೇಕು ಒತ್ತಿದಾಗ
ಒಳಗೇನೋ ಕಳಚಿ ಜಾರುತ್ತದೆ,
ಈಲಿಯ ಚೂರಿನಂಥದ್ದು, ಬೆಚ್ಚಗೆ.
ಹಿಂದೆ ಯಾರೋ ಗಂಟೆ ಬಾರಿಸುತ್ತಾರೆ.
ಬಾಗಿಲು ತೆರೆಯುತ್ತೇನೆ.

ಹದಿಮೂರರಲ್ಲಿ ಅಮ್ಮನಿಗೆ ಹೇಳಿದ್ದೆ.
ಈರುಳ್ಳಿ ಹೆಚ್ಚುತ್ತಿದ್ದ ನೆಫೀಸಾ ತಲೆ ಎತ್ತಲಿಲ್ಲ:
"ನಮ್ಮನೆಯಲ್ಲಿ ಎಲ್ಲರಿಗೂ ಹೀಗೇ.
ಹೊಟ್ಟೆಗೆ ಹಾಕಿಕೋ."

ಹಾಕಿಕೊಂಡೆ. ಹೊಟ್ಟೆಯೇ ಸೋರುತ್ತಿತ್ತು.

ಮುತ್ತಿಗೆಯ ವರ್ಷಗಳಲ್ಲಿ ನಲ್ಲಿ ಒಣಗಿದಾಗ
ಬಿಯರ್ ಕಾರ್ಖಾನೆಯ ಒರತೆಯಿಂದ
ಎರಡು ಕ್ಯಾನು ನೀರು ತರುತ್ತಿದ್ದಳಂತೆ ಅಮ್ಮ,
ಗುಂಡು ಹಾರುವ ಕೂಡುರಸ್ತೆಯಲ್ಲಿ ಓಡಿ.
ಮೊದಲು ಕುಡಿಯಲು, ಆಮೇಲೆ ಸೂಪಿಗೆ, ಆಮೇಲೆ ನನ್ನ ಮೈಗೆ,
ನನ್ನ ಮೈ ತೊಳೆದ ನೀರು ಕೊನೆಗೆ
ಹಸಿರು ಪರದೆ ಹರಿದು ಮಾಡಿದ ಬಟ್ಟೆಗಳಿಗೆ.
ಬೀದಿಯಲ್ಲಿ ಬಿದ್ದ ರಕ್ತಕ್ಕೆ ಹೆಸರಿತ್ತು, ವಯಸ್ಸಿತ್ತು,
ಮಾರನೆಯ ದಿನ ಅಳುವವರಿದ್ದರು.
ಬಕೆಟ್ಟಿನದನ್ನು ಯಾರೆದುರು ಹೇಳುವುದು?
ಕತ್ತಲಾದ ಮೇಲೆ ಚೆಲ್ಲಿ ಬರುತ್ತಿದ್ದಳು.

ಒಬ್ಬ ಡಾಕ್ಟರು ಮನಸ್ಸಿನ ಒತ್ತಡ ಅಂದ.
ಒಬ್ಬ, ಮಗುವಾದರೆ ಸರಿಹೋಗುತ್ತೆ ಅಂದ.
(ಆಯಿತು. ಹೋಗಲಿಲ್ಲ.)
ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲ, ಥೈರಾಯ್ಡ್ ಸರಿಯಿದೆ,
ಕಬ್ಬಿಣದ ಮಾತ್ರೆ ತಿನ್ನಿ. ತಿಂದೆ.
ಟ್ರಾಮಿನ ಹಳಿ ನುಂಗುವಷ್ಟು ತಿಂದೆ.

ಹಿಮೋಗ್ಲೋಬಿನ್ ಏಳಕ್ಕಿಳಿದು
ಡಿಪೋದ ಮೆಟ್ಟಿಲ ಮೇಲೆ ಕಣ್ಣಿಗೆ ಕತ್ತಲಿಟ್ಟ ದಿನ
ರುಸ್ಮಿರಾ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರು
ನನ್ನ ಹೊಟ್ಟೆಯ ಕಡೆ ನೋಡಲೇ ಇಲ್ಲ.
"ಹಲ್ಲು ಕೀಳಿಸಿದಾಗ ರಕ್ತ ಎಷ್ಟು ಹೊತ್ತು ಬಂತು?"
ಎರಡು ದಿನ. ದಿಂಬನ್ನೇ ಎಸೆದೆವು.
"ಮೈಮೇಲೆ ನೀಲಿ ಕಲೆ?"
ಯಾವಾಗಲೂ. ಕ್ಯಾಬಿನ್ನಿನ ಬಾಗಿಲು ತಾಗಿ ಅಂದುಕೊಂಡಿದ್ದೆ.
"ಅಮ್ಮನಿಗೆ?"
ನನ್ನನ್ನು ಹೆತ್ತಾಗ ಮೂರು ಬಾಟಲಿ ಹತ್ತಿಸಿದರಂತೆ.
"ಅಜ್ಜಿಗೆ?"
ಅಜ್ಜಿ ಹೈರಿಯಾ, ಮೂಗಿನಿಂದ ಸುರಿದಾಗೆಲ್ಲ
ಕತ್ತಿನ ಹಿಂದೆ ತಣ್ಣನೆಯ ಬೀಗದಕೈ ಇಟ್ಟುಕೊಂಡು
ಕಿಟಕಿಯಲ್ಲಿ ಕೂತಿರುತ್ತಿದ್ದಳು…
ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು.

ರಕ್ತ ಹೆಪ್ಪುಗಟ್ಟಲು ಬೇಕಾದ ಏನೋ ಒಂದು
ನಮ್ಮಲ್ಲಿ ಕಮ್ಮಿಯಂತೆ. ಅಂಟು ಸಾಲದ ಲಕೋಟೆ.
ಗರ್ಭಕೋಶದ್ದೇನೂ ತಪ್ಪಿಲ್ಲ, ಪಾಪ,
ಇಷ್ಟು ವರ್ಷ ಅದನ್ನೇ ಬೈದೆ.
ಮೂರು ತಲೆಮಾರಿನ ಹೆಂಗಸರು ಹೊತ್ತು ತಂದದ್ದಕ್ಕೆ
ಯಾರೋ ಗಂಡಸಿನ ಹೆಸರು.
ರಕ್ತಸಂಬಂಧ ಅಂದರೆ ಇದೇ ಇರಬೇಕು.

ಸಂಜೆ ಅಮ್ಮನ ಮನೆಗೆ ಹೋಗಿ ಹೇಳಿದೆ:
ಆ ದಿನಗಳಿಗೆ ಮಾತ್ರೆ ಕೊಟ್ಟಿದ್ದಾರೆ,
ಮಗಳನ್ನೂ ಕರೆತನ್ನಿ ಅಂದಿದ್ದಾರೆ.
ಕಾಫಿ ಆರುವ ತನಕ ಮಾತಿಲ್ಲ.
"ಹಾಗಾದರೆ ಎಲ್ಲರಿಗೂ ಹಾಗಿರಲಿಲ್ಲವಾ?"
ಇಲ್ಲಮ್ಮ.
"ಎದುರುಮನೆ ಶೆಮ್ಸಾಗೆ?"
ಇಲ್ಲ.
ಎದ್ದಳು. ಲೋಟ ತೊಳೆದಳು, ತೊಳೆದದ್ದನ್ನೇ ತೊಳೆದಳು,
ನಲ್ಲಿ ನಿಲ್ಲಿಸಲೇ ಇಲ್ಲ.
"ಆ ಹಸಿರು ಪರದೆ," ಅಂದಳು ನನ್ನ ಕಡೆ ತಿರುಗದೆ,
"ಮದುವೆಗೆಂದು ಕೊಂಡದ್ದು.
ಒಳ್ಳೆಯ ಬಟ್ಟೆ."